ನೆನಪು ಸರಿಯಿದ್ದರೂ ನಡಿಗೆ ನಿಧಾನವಾದರೆ

ಸಂಪಾದಕರೇ,

ನಿಮ್ಮ ಆರೋಗ್ಯ ಪುರವಣಿಯಲ್ಲಿ ಮೆದುಳಿನ ಬಗ್ಗೆ ಏನೇ ಬಂದರೂ ಬಿಡದೆ ಓದುತ್ತೇನೆ. ಬಹುಪಾಲು ಮರೆವಿನ ಬಗ್ಗೆಯೇ ಇರುತ್ತದೆ. ದಯವಿಟ್ಟು ವೈಟ್ ಮ್ಯಾಟರ್, ಅಂದರೆ ಮೆದುಳಿನ ಒಳಗಿನ ಬಿಳಿ ಭಾಗದ ಬಗ್ಗೆಯೂ ಒಮ್ಮೆ ಬರೆಸಿ.

ಎರಡು ವರ್ಷದ ಹಿಂದೆ ನಮ್ಮ ತಂದೆಯ ನಡಿಗೆ ಬದಲಾಯಿತು. ಕಾಲು ನೆಲಕ್ಕೆ ಅಂಟಿದ ಹಾಗೆ ಸಣ್ಣ ಸಣ್ಣ ಹೆಜ್ಜೆ. ಏನಾದರೂ ಕೇಳಿದರೆ ಉತ್ತರ ಸರಿಯಾಗಿಯೇ ಬರುತ್ತಿತ್ತು, ಆದರೆ ತಡವಾಗಿ. ನೆನಪು ಮಾತ್ರ ಗಟ್ಟಿ, 1974ರಲ್ಲಿ ಕೊಂಡ ಜೋಡೆತ್ತಿನ ಬೆಲೆ ಈಗಲೂ ಹೇಳುತ್ತಾರೆ. ಹಾಗಾಗಿ ಮಂಡಿ ನೋವಿರಬೇಕು ಅಂತ ನಾವೂ ಸುಮ್ಮನಿದ್ದೆವು. ಕೊನೆಗೆ ಎಂಆರ್‌ಐ ಮಾಡಿಸಿದರೆ ರಿಪೋರ್ಟಿನಲ್ಲಿ ವೈಟ್ ಮ್ಯಾಟರ್ ಬಗ್ಗೆ ಒಂದು ಸಾಲಿತ್ತು. ವಯಸ್ಸಾದವರಿಗೆ ಇದೆಲ್ಲ ಇದ್ದದ್ದೇ ಅಂತ ಸ್ಕ್ಯಾನಿಂಗ್ ಸೆಂಟರಿನವರು ಕಳಿಸಿಬಿಟ್ಟರು. ಆಮೇಲೆ ನರರೋಗದ ಡಾಕ್ಟರೊಬ್ಬರು ಹಾಳೆ ಮೇಲೆ ಚಿತ್ರ ಬರೆದು ತಿಳಿಸಿಕೊಟ್ಟರು.

ಬುದ್ಧಿ ಅಂದರೆ ಗ್ರೇ ಮ್ಯಾಟರ್, ಮೆದುಳಿನ ಬೂದು ಭಾಗ ಅಂತಲೇ ನಾವೆಲ್ಲ ಕೇಳಿರುವುದು, ಅಲ್ವಾ? ಆದರೆ ಅದರ ಒಂದು ಭಾಗದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ನರತಂತುಗಳು ಇರುವುದು ಒಳಗಿನ ಬಿಳಿ ಭಾಗದಲ್ಲಿ, ಮತ್ತು ಅದು ಹೆಚ್ಚುಕಡಿಮೆ ಅರ್ಧ ಮೆದುಳು. ಎಡ ಬಲ ಬೆಸೆಯುವ ಒಂದೇ ಕಟ್ಟಿನಲ್ಲಿ ಸುಮಾರು 20 ಕೋಟಿ ತಂತುಗಳಿವೆ. ಹೆಚ್ಚಿನ ತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತಿಕೊಂಡಿರುತ್ತದೆ, ಬಿಳಿ ಬಣ್ಣ ಬಂದಿರುವುದೇ ಅದರಿಂದ. ಹೊದಿಕೆ ಇಲ್ಲದ ನರತಂತುವಿನಲ್ಲಿ ಸಂದೇಶ ಸೆಕೆಂಡಿಗೆ ಒಂದೆರಡು ಮೀಟರ್ ಹೋದರೆ ಹೆಚ್ಚು. ಚೆನ್ನಾಗಿ ಹೊದಿಕೆಯಿರುವ ದಪ್ಪ ತಂತುವಿನಲ್ಲಿ 100 ಮೀಟರ್ ತನಕ ಓಡುತ್ತದೆ.

ಈ ಬಿಳಿ ಭಾಗಕ್ಕೆ ರಕ್ತ ಬರುವುದು ಕೂದಲಿನಂಥ ಸಣ್ಣ ರಕ್ತನಾಳಗಳಿಂದ. ಬಿಪಿ ವರ್ಷಗಟ್ಟಲೆ ಜಾಸ್ತಿ ಇದ್ದರೆ ಅವುಗಳ ಗೋಡೆ ದಪ್ಪವಾಗಿ ರಕ್ತ ಕಡಿಮೆಯಾಗುತ್ತದೆ, ತಂತುಗಳು ಅಲ್ಲಲ್ಲಿ ಹಾಳಾಗುತ್ತವೆ. ನೆನಪಿಗಿಂತ ಮೊದಲು ನಡಿಗೆ, ಯೋಚನೆಯ ಚುರುಕು ಕುಗ್ಗಬಹುದು. ನಮ್ಮ ತಂದೆ ಬಿಪಿ ಮಾತ್ರೆಯನ್ನು ತಲೆ ಸುತ್ತಿದ ದಿನ ಮಾತ್ರ ನುಂಗುತ್ತಿದ್ದರು. ಅಮೆರಿಕದ ಸ್ಪ್ರಿಂಟ್ ಅಧ್ಯಯನ 2019ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಮೇಲಿನ ಬಿಪಿಯನ್ನು 140ರ ಬದಲು 120ಕ್ಕಿಂತ ಕೆಳಗಿಡಲು ಚಿಕಿತ್ಸೆ ಪಡೆದವರಲ್ಲಿ ಈ ಹಾನಿ ನಿಧಾನವಾಗಿ ಬೆಳೆದಿತ್ತು. ಯಾರಿಗೆ ಎಷ್ಟಿರಬೇಕು ಅನ್ನುವುದನ್ನು ಡಾಕ್ಟರೇ ಹೇಳಬೇಕು. ವಿಟಮಿನ್ ಬಿ12 ಕಡಿಮೆಯಾದರೂ ಮಯಲಿನ್ ಕೆಡುತ್ತದೆ, ಹಾಲು ಮೊಸರೂ ಅಷ್ಟಾಗಿ ತಿನ್ನದ ಸಸ್ಯಾಹಾರಿಗಳು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ.

ಈಗ ದಿನಾ ತಿಂಡಿಯಾದ ಮೇಲೆ ಮಾತ್ರೆಯನ್ನು ನಾನೇ ಅವರ ಕೈಗೆ ಕೊಡುತ್ತೇನೆ. ಹಳೆಯ ನಡಿಗೆ ಮರಳಿಲ್ಲ, ಆದರೆ ಇನ್ನಷ್ಟು ಕೆಟ್ಟಿಲ್ಲ. ಹತ್ತು ವರ್ಷ ಮೊದಲೇ ಇದನ್ನೆಲ್ಲ ನಿಮ್ಮ ಪತ್ರಿಕೆಯಲ್ಲಿ ಓದಿದ್ದರೆ ಅಂದೇ ಕೊಡಲು ಶುರು ಮಾಡುತ್ತಿದ್ದೆ.

– ಒಬ್ಬ ಓದುಗ, ಚನ್ನರಾಯಪಟ್ಟಣ