ಹೊಲಿಗೆ ಮಷೀನಿನ ಟೆನ್ಷನ್ (ದಾರದ ಬಿಗಿತ) ತಿರುಗಿಸುವ ಮೊದಲು ಸೂಜಿ ನೋಡಿ

ಎಲ್ಲರಿಗೂ ನಮಸ್ಕಾರ. "ಹೊಲಿಗೆ ಬಿಟ್ಟು ಬಿಟ್ಟು ಬೀಳ್ತಿದೆ" ಅನ್ನೋ ದೂರು ಗುಂಪಿನಲ್ಲಿ ಜಾಸ್ತಿ ಆಗಿದೆ. ಬಹಳ ಸಲ ತಪ್ಪು ಮಷೀನಿನದಲ್ಲ, ಸೂಜಿಯದು.

ಪ್ಯಾಕೆಟ್ ಮೇಲೆ 90/14 ಎಂದಿದ್ದರೆ ಸೂಜಿಯ ದಪ್ಪ 0.9 ಮಿಲಿಮೀಟರ್. 14 ಅದೇ ಅಳತೆಯ ಇನ್ನೊಂದು ಹೆಸರು ಅಷ್ಟೇ. ಶಿಫಾನ್, ತೆಳು ರೇಷ್ಮೆಗೆ 9 ಅಥವಾ 11 ನಂಬರ್ ಸೂಜಿ. ಮಾಮೂಲಿ ಹತ್ತಿ ಬಟ್ಟೆಗೆ 12 ಅಥವಾ 14. ಜೀನ್ಸ್‌ಗೆ 16.

ಟಿ-ಶರ್ಟ್ ಬಟ್ಟೆಗೆ ನಂಬರ್ ಒಂದೇ ಸಾಲದು, ಬಾಲ್ ಪಾಯಿಂಟ್ ಸೂಜಿ ಬೇಕು. ಅದರ ತುದಿ ಸ್ವಲ್ಪ ಗುಂಡಗಿರುತ್ತದೆ. ಎಳೆಯನ್ನು ಕತ್ತರಿಸದೆ ಪಕ್ಕಕ್ಕೆ ಸರಿಸಿ ಒಳಗೆ ಇಳಿಯುತ್ತದೆ. ನಾನು ಹಟ ಮಾಡಿ ಮಾಮೂಲಿ ಸೂಜಿಯಲ್ಲೇ ಹೊಲಿದಿದ್ದೆ. ಒಂದೇ ಒಗೆತಕ್ಕೆ ಹೊಲಿಗೆಯ ಉದ್ದಕ್ಕೂ ಸಾಲಾಗಿ ತೂತು!

ಸೂಜಿ ಬದಲಿಸುವಾಗ ಸ್ವಿಚ್ ಆಫ್ ಮಾಡಿ. ಮುಂದಿನಿಂದ ದಾರ ಪೋಣಿಸುವ ಮಷೀನ್‌ಗಳಲ್ಲಿ ಸೂಜಿಯ ಬುಡದ ಚಪ್ಪಟೆ ಬದಿ ಸಾಮಾನ್ಯವಾಗಿ ಹಿಂದಕ್ಕಿರುತ್ತದೆ. ಪಕ್ಕದಿಂದ ಪೋಣಿಸುವುದಾದರೆ, ಸೂಜಿಯ ಉದ್ದ ಗೀರು ದಾರ ಒಳಹೋಗುವ ಕಡೆಗಿರಲಿ. ಮೇಲೆ ತಗಲುವವರೆಗೆ ತಳ್ಳಿ, ಆಮೇಲೆ ಸ್ಕ್ರೂ ಬಿಗಿ ಮಾಡಿ. ಅರ್ಧಕ್ಕೇ ನಿಲ್ಲಿಸಿದರೆ ಮತ್ತೆ ಅದೇ ಕಥೆ.

ಸುಮಾರು 8 ಗಂಟೆ ಹೊಲಿದ ಮೇಲೆ, ಅಥವಾ "ಟಪ್ ಟಪ್" ಸದ್ದು ಬಂದ ಕೂಡಲೇ ಸೂಜಿ ಬದಲಿಸಿ. ಹಳೆಯದನ್ನು ಸುಮ್ನೆ ಕಸಕ್ಕೆ ಎಸೆಯಬೇಡಿ, ಮುಚ್ಚಳವಿರುವ ಡಬ್ಬಿಗೆ ಹಾಕಿ.