ಕೈ ಕಟ್ಟಿಕೊಂಡು ಕಲಿಸುವ ಕೆಲಸ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ಪ್ರೌಢಶಾಲೆಯ ಮಕ್ಕಳಿಗೆ ನಾಯಕತ್ವ ಕಲಿಸುವ ಹೊಣೆ ಒಪ್ಪಿಕೊಂಡೆಯಂತೆ, ತುಂಬ ಸಂತೋಷವಾಯಿತು. ಭಾಷಣ ಬರೆದಿಟ್ಟುಕೊಂಡಿದ್ದರೆ ಎತ್ತಿಡು. ನಿಜವಾದ ಒಂದು ಕೆಲಸ, ಅದರ ನಿರ್ಧಾರ, ಅದರ ಫಲ ಮೂರೂ ಕೈಗೆ ಬಂದಾಗಲೇ ಆ ವಯಸ್ಸಿನವರು ಕಲಿಯುವುದು.

ಗುಂಪಿನಲ್ಲಿ 6ರಿಂದ 8 ಮಂದಿ ಸಾಕು. ಹತ್ತು ದಾಟಿತೋ, ನಾಲ್ವರು ಮಾಡುತ್ತಾರೆ, ಉಳಿದವರು ನೋಡುತ್ತಾರೆ. ಚೆನ್ನಾಗಿ ಮಾತಾಡುವವರನ್ನೇ, ಹೆಚ್ಚು ಅಂಕದವರನ್ನೇ ಹೆಕ್ಕಬೇಡ. ಜಗಳವಾದಾಗ ಮಕ್ಕಳು ಯಾರ ಹತ್ತಿರ ಹೋಗುತ್ತಾರೆ ಗಮನಿಸು. ಆ ಮಗು ಎಷ್ಟೋ ಸಲ ಹಿಂದಿನ ಬೆಂಚಿನಲ್ಲಿರುತ್ತದೆ.

ಕೆಲಸ 6 ವಾರದಲ್ಲಿ ಮುಗಿಯುವಂಥದ್ದಿರಲಿ. ಚಿಕ್ಕ ತರಗತಿಯವರಿಗೆ ಒಂದು ಆಟದ ದಿನ ನಡೆಸುವುದೋ, ಗ್ರಂಥಾಲಯದ ಕಪಾಟು ಜೋಡಿಸುವುದೋ, ಆಯ್ಕೆ ಅವರದು. ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡೇ ವಾರ ಗುರುತು ಹಾಕು. ಸುರಕ್ಷತೆ, ಹಣ, ಶಾಲೆಯಿಂದ ಹೊರಗೆ ಹೋಗುವುದು, ಈ ಮೂರರಲ್ಲಿ ದೊಡ್ಡವರದೇ ಕೊನೆಯ ಮಾತು ಅಂತ ಮೊದಲ ದಿನವೇ ಗೆರೆ ಎಳೆದುಬಿಡು. ಉಳಿದದ್ದೆಲ್ಲ ಮಕ್ಕಳಿಗೆ ಬಿಡು. ಮಧ್ಯದಲ್ಲಿ ಗೆರೆ ಸರಿಸಿದರೆ "ಮಿಸ್, ನೀವೇ ಹೇಳಿಬಿಡಿ" ಶುರುವಾಗುತ್ತದೆ.

ವಾರಕ್ಕೊಂದು ಸಭೆ, 40 ನಿಮಿಷ. ಸಭೆ ನಡೆಸುವವರು, ಬರೆದುಕೊಳ್ಳುವವರು, ಸಮಯ ನೋಡುವವರು ಪ್ರತಿವಾರ ಬದಲಾಗಲಿ. ಇಲ್ಲದಿದ್ದರೆ ಅಕ್ಷರ ಚೆಂದವಿರುವ ಹುಡುಗಿ ಕೊನೆಯವರೆಗೂ ಬರೆಯುತ್ತಲೇ ಇರುತ್ತಾಳೆ. ಏಳುವ ಮುಂಚೆ ಪುಸ್ತಕದಲ್ಲಿ ಮೂರು ಕಾಲಂ ತುಂಬಿರಬೇಕು: ಏನು, ಯಾರು, ಯಾವ ದಿನದೊಳಗೆ. 'ಯಾರು' ಅನ್ನುವಲ್ಲಿ 'ಎಲ್ಲರೂ' ಅಂತ ಬರೆದ ಕೆಲಸ ಆಗುವುದಿಲ್ಲ. ಅಲ್ಲಿ ಒಂದೇ ಹೆಸರಿರಲಿ.

ನಿನಗೆ ಕಷ್ಟವಾಗುವುದು ಬಾಯಿ ಮುಚ್ಚಿಕೊಂಡಿರುವುದು. ಸಭೆ ನಡೆಸುವ ಹುಡುಗ "ಯಾರಾದರೂ ಹೇಳ್ರೋ" ಅನ್ನುತ್ತಾನೆ. ಯಾರೂ ತುಟಿ ಬಿಚ್ಚುವುದಿಲ್ಲ. ಅವನ ಕಣ್ಣು ನಿನ್ನತ್ತ ಹೊರಳುತ್ತದೆ. ಆಗ ತಲೆ ತಗ್ಗಿಸಿ ನಿನ್ನ ನೋಟ್‌ಬುಕ್ ನೋಡುತ್ತಾ ಮನಸ್ಸಿನಲ್ಲೇ ಹತ್ತು ಎಣಿಸು. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ 1 ಸೆಕೆಂಡಷ್ಟೇ ಕಾಯುತ್ತಾರೆ, 3 ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಮಾತಾಡದ ಮಕ್ಕಳೂ ಮಾತಾಡುತ್ತಾರೆ ಎಂದು ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ದರು. ತರಗತಿಯಲ್ಲಿ ಕಂಡ ಆ ಮಾತು ಸಭೆಗೂ ಹೊಂದುತ್ತದೆ.

ನಾಲ್ಕನೇ ವಾರದ ಹೊತ್ತಿಗೆ ಕೆಲಸ ಕುಂಟತೊಡಗುತ್ತದೆ. ಒಬ್ಬಳು ಮುನಿಸಿಕೊಂಡಿರುತ್ತಾಳೆ, ಇನ್ನೊಬ್ಬ ಒಪ್ಪಿಕೊಂಡದ್ದನ್ನು ಮರೆತಿರುತ್ತಾನೆ. ಆಗ ನೀನೇ ಕೈಹಾಕಿ ಮುಗಿಸಿಬಿಟ್ಟರೆ ಕಾರ್ಯಕ್ರಮವೇನೋ ಚೆಂದವಾಗುತ್ತದೆ, ಮಕ್ಕಳು ಕಲಿಯುವುದು ಮಾತ್ರ ಕೊನೆಗೆ ಮಿಸ್ ನೋಡಿಕೊಳ್ಳುತ್ತಾರೆ ಅನ್ನುವುದನ್ನು. ಎರಡೇ ಪ್ರಶ್ನೆ ಕೇಳು: ಉಳಿದಿರುವ ದಿನ ಎಷ್ಟು, ಯಾವುದನ್ನು ಕೈಬಿಡಬಹುದು? ಐದು ಆಟದ ಬದಲು ಮೂರು ಸಾಕೆಂದು ತೀರ್ಮಾನಿಸಲಿ, ಅದೂ ನಾಯಕತ್ವವೇ.

ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಜೊತೆ 15 ನಿಮಿಷ ಕೂರು, ಎಲ್ಲರಿಗೂ ಕಾಣುವ ಜಾಗದಲ್ಲಿ. ಯಾರಿಗೂ ಹೇಳುವುದಿಲ್ಲ ಎಂದು ಮಾತ್ರ ಮಾತು ಕೊಡಬೇಡ. ಮಗುವಿಗೆ ಅಪಾಯವಿದೆ ಅನ್ನಿಸಿದರೆ ಶಾಲೆಯಲ್ಲಿ ಅದರ ಹೊಣೆ ಹೊತ್ತವರಿಗೆ ತಿಳಿಸಲೇಬೇಕು. ಹೊಗಳುವಾಗ ಕಂಡದ್ದನ್ನು ಹೇಳು. "ನೀನು ಹುಟ್ಟು ಲೀಡರ್" ಅಂದರೆ ಮಗುವಿಗೆ ಮುಂದೆ ಏನು ಮಾಡಬೇಕೋ ತಿಳಿಯದು. "ಅವಳ ಮಾತು ಅರ್ಧಕ್ಕೇ ನಿಂತಾಗ ನೀನು ಮತ್ತೆ ಅವಳನ್ನೇ ಕೇಳಿದೆ, ಅದಕ್ಕೇ ಆ ಯೋಚನೆ ಉಳಿಯಿತು" ಅಂದರೆ ನಾಳೆಯೂ ಹಾಗೇ ಮಾಡುತ್ತದೆ.

ಕೆಲಸ ಮುಗಿದ ಎರಡು ದಿನದೊಳಗೆ ಎಲ್ಲರನ್ನೂ ಕೂರಿಸು. ಏನಾಯಿತು, ಯಾಕಾಯಿತು, ಮುಂದಿನ ಸಲ ಏನು ಬದಲಿಸುತ್ತೇವೆ ಎಂದು ಮೊದಲು ತಮ್ಮಷ್ಟಕ್ಕೆ ಬರೆಯಲಿ, ಆಮೇಲೆ ಓದಲಿ. ನೇರ ಮಾತಿಗಿಳಿದರೆ ಮೊದಲು ಬಾಯಿ ತೆರೆದವನ ಅಭಿಪ್ರಾಯವೇ ಎಲ್ಲರದಾಗುತ್ತದೆ. ನಿನ್ನ ಸರದಿ ಎಲ್ಲರಿಗಿಂತ ಕೊನೆಗೆ.

ಮೊದಲ ಸಭೆಯ ಆ ಮೂರು ಕಾಲಂ ಹೇಗೆ ತುಂಬಿದವು ಎಂದು ಬರೆದು ತಿಳಿಸು.

ಇತಿ,
ನಿನ್ನ ದೊಡ್ಡಮ್ಮ