ಅಜ್ಜನ ಮಂಚದ ಪಕ್ಕದ ತಂಬಿಗೆ

ಪ್ರೀತಿಯ ಪುಟ್ಟಿ,

ನೀನು ಫೋನ್ ತೆಗೆಯುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಜ್ಜ ತೀರಿಕೊಂಡ ಮೇಲೆ ಮನೆಯಲ್ಲಿ ಇಟ್ಟ ಪ್ರಾರ್ಥನಾಕೂಟದಲ್ಲಿ ಕ್ರೈಸ್ತ ದೀಕ್ಷಾಸ್ನಾನ ತಗೊಳ್ಳದ ಅಜ್ಜನಿಗೆ ನರಕವೇ ಅಂತ ಬೋಧಕರು ಅಂದದ್ದು, ಇದು ಯಾವ ನ್ಯಾಯ ಅಂತ ನೀನು ಕೇಳಿದ್ದು, ಅದೆಲ್ಲ ಮತ್ತೆ ಬೇಡ. ನೀನು ಎದ್ದು ನಿಂತಾಗ ಕೈ ಹಿಡಿದು ಎಳೆದು ಕೂರಿಸಿದೆನಲ್ಲ, ಅದು ನನ್ನ ತಪ್ಪು. ಸತ್ತವರು ನನ್ನ ಅಪ್ಪ. ಎದ್ದು ನಿಲ್ಲಬೇಕಾದವಳು ನಾನು.

ಆದರೆ ಅದಕ್ಕಿಂತ ಹಳೆಯದೊಂದು ಕಾಡುತ್ತಿದೆ. ನಿನಗಾಗ ಏಳು ವರ್ಷ. ಮೇ ತಿಂಗಳು, ಚರ್ಚಿನಲ್ಲಿ ವಿಬಿಎಸ್, ಮಕ್ಕಳ ರಜಾ ಬೈಬಲ್ ಶಾಲೆ, ನಡೆದಿತ್ತು. ನೀನು ಐಶ್ವರ್ಯವಂತ ಮತ್ತು ಬಡ ಲಾಜರನ ಕಥೆ ಕೇಳಿಕೊಂಡು ಬಂದಿದ್ದೆ. ಸತ್ತ ಮೇಲೆ ನರಕದ ಬೆಂಕಿಯಲ್ಲಿ ಬಿದ್ದ ಆ ಐಶ್ವರ್ಯವಂತ, ಬೆರಳ ತುದಿ ನೀರಲ್ಲಿ ಅದ್ದಿ ನನ್ನ ನಾಲಿಗೆಗೆ ಮುಟ್ಟಿಸಿ ಅಂತ ಬೇಡುವ ಕಥೆ. ನಾನು ರೊಟ್ಟಿ ಬಡಿಯುತ್ತಿದ್ದೆ. "ಅಮ್ಮಾ, ಅಜ್ಜ ದೀಕ್ಷಾಸ್ನಾನ ತಗೊಂಡಿಲ್ಲ ಅಲ್ವಾ? ಅವರೂ ಅಲ್ಲಿಗೇ ಹೋಗ್ತಾರಾ?" ಅಂದೆ ನೀನು. "ಅದಕ್ಕೇ ದಿನಾ ಪ್ರಾರ್ಥನೆ ಮಾಡು" ಅಂದುಬಿಟ್ಟೆ ನಾನು. ತಿರುಗಿಯೂ ನೋಡಲಿಲ್ಲ. ಹಂಚು ಕಾದಿತ್ತು, ಸುಮ್ನೆ ಬಾಯಿಗೆ ಬಂದ ಮಾತು.

ಅವತ್ತು ರಾತ್ರಿ ನೀನು ತಂಬಿಗೆಯಲ್ಲಿ ನೀರು ತಂದು ಅಜ್ಜನ ಮಂಚದ ಪಕ್ಕ ಇಟ್ಟೆ. ಎರಡೂ ಕೈಯಲ್ಲಿ ಹಿಡಿದು, ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು, ಚೆಲ್ಲದ ಹಾಗೆ ದಾಟಿದೆ. ಮೇಲೊಂದು ತಟ್ಟೆ ಮುಚ್ಚಿದೆ. ಮರುದಿನವೂ ಇಟ್ಟೆ. ಆ ಬೇಸಿಗೆ ಮುಗಿಯೋತನಕ ಇಟ್ಟೆ. ಅಜ್ಜ ಯಾಕೆ ಅಂತ ಕೇಳಲಿಲ್ಲ. ಬೆಳಿಗ್ಗೆ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಆ ನೀರನ್ನೇ ಗಟಗಟ ಕುಡಿದು ಖಾಲಿ ತಂಬಿಗೆ ನಿನ್ನ ಕೈಗೇ ಕೊಡೋರು. ಯಾಕೆ ಅಂತ ನನಗೆ ಗೊತ್ತಿತ್ತು, ಪುಟ್ಟಿ. ನಿನ್ನನ್ನು ಕರೆದು ತೊಡೆ ಮೇಲೆ ಕೂರಿಸಿಕೊಂಡು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟು ಚಿಕ್ಕ ಮಗು ಏನೇನು ನೆನೆದು ಮಲಗುತ್ತಿತ್ತೋ. ಈಗ ನಡುರಾತ್ರಿ ಎಚ್ಚರ ಆದರೆ ಆ ತಂಬಿಗೆಯೇ ಕಣ್ಣ ಮುಂದೆ ಬರುತ್ತದೆ.

ಎಂಬತ್ತು ವರ್ಷ ಬದುಕಿದವರಿಗೆ ಮುಗಿಯದ ಶಿಕ್ಷೆ, ಇದು ಯಾವ ನ್ಯಾಯ ಅಂತ ಕೇಳಿದ್ದೀಯ. ತಪ್ಪಿನ ತೂಕ ಯಾರ ವಿರುದ್ಧ ಮಾಡಿದೆವು ಅನ್ನುವುದರ ಮೇಲಿದೆ, ದೇವರು ಅಪಾರ, ಹಾಗಾಗಿ ಶಿಕ್ಷೆಗೂ ಕೊನೆಯಿಲ್ಲ ಅಂತ 13ನೇ ಶತಮಾನದಲ್ಲಿ ಥಾಮಸ್ ಅಕ್ವೈನಾಸ್ ಅನ್ನುವ ಕ್ರೈಸ್ತ ಪಂಡಿತರು ವಾದಿಸಿದ್ದರು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅದು ಅರಮನೆಯ ಲೆಕ್ಕ. ನಾವು ತಂದೆ ಅಂತ ಕರೆಯುವವನು ಹಾಗೆ ಲೆಕ್ಕ ಇಡುತ್ತಾನಾ? ಹಳೆಯ ಕಾಲದ ಬಿಷಪ್ ಅಗಸ್ಟೀನನ ಮಾತು ಮಾತ್ರ ಗಟ್ಟಿ. ಬೈಬಲಿನ ಮತ್ತಾಯ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಜೀವಕ್ಕೂ ದಂಡನೆಗೂ 'ನಿತ್ಯ' ಅನ್ನುವ ಒಂದೇ ಪದ ಇದೆ, ಒಂದನ್ನು ಹಿಡಿದು ಇನ್ನೊಂದನ್ನು ಬಿಡೋಕಾಗಲ್ಲ ಅಂತಾನೆ. ಆದರೆ ಅವನಿಗಿಂತ ಸ್ವಲ್ಪ ಮುಂಚೆ ಇದ್ದ ನಿಸ್ಸಾ ಊರಿನ ಬಿಷಪ್ ಗ್ರೆಗೊರಿ, ಆ ಬೆಂಕಿ ಚಿನ್ನವನ್ನು ಪುಟ ಹಾಕುವ ಬೆಂಕಿ, ಕಡೆಗೆ ಎಲ್ಲರೂ ದೇವರ ಹತ್ತಿರ ಬರುತ್ತಾರೆ ಅಂತ ನಂಬಿದ್ದ. ಅವನನ್ನೂ ಸಂತ ಅಂತಲೇ ಕರೆಯುತ್ತಾರೆ.

ನಾವು ನರಕ ಅಂತ ಓದುವ ಕಡೆ ಯೇಸು ಆಡಿದ ಮಾತು ಗೆಹೆನ್ನಾ. ಯೆರೂಸಲೇಮಿನ ಪಕ್ಕದ ಹಿನ್ನೋಮ್ ಕಣಿವೆ. ಹಿಂದೆ ಅಲ್ಲಿ ಮಕ್ಕಳನ್ನು ಬೆಂಕಿಗೆ ಹಾಕುತ್ತಿದ್ದರು. ಇಂಥದ್ದು ನನ್ನ ಮನಸ್ಸಿಗೂ ಬಂದಿರಲಿಲ್ಲ ಅಂತ ಪ್ರವಾದಿ ಯೆರೆಮೀಯನ ಪುಸ್ತಕದ 7ನೇ ಅಧ್ಯಾಯದಲ್ಲಿ ದೇವರು ನೊಂದು ಹೇಳುತ್ತಾನೆ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ.

ನರಕವೇ ಇಲ್ಲ ಅಂತ ಹೇಳಲಾರೆ. ಬಡವರ ಕಣ್ಣೀರು ಹರಿಸಿದವರು ಲೆಕ್ಕ ಕೊಡದೆ ಹೋದರೆ ಅದೂ ಅನ್ಯಾಯವೇ. ಅಜ್ಜನಿಗೆ ಸುವಾರ್ತೆ ಗೊತ್ತಿರಲಿಲ್ಲ ಅಂತಲೂ ಹೇಳಲಾರೆ. ಮಗಳೇ ಕ್ರೈಸ್ತಳಾಗಿದ್ದೆ. ನಾನು ದೀಕ್ಷಾಸ್ನಾನ ತೆಗೆದುಕೊಂಡಾಗ ಊರೆಲ್ಲ ಬೈದರು, ಅವರು ಒಂದು ಮಾತು ಆಡಲಿಲ್ಲ. ಆದರೆ ಅದೇ ಮತ್ತಾಯ 25 ತೆಗೆದು ನೋಡು. ಆ ಶಿಕ್ಷೆ ಯಾರಿಗೆ? ಬಾಯಾರಿದವರಿಗೆ ನೀರು ಕೊಡದವರಿಗೆ. ಅಜ್ಜ ಪ್ರತಿ ಬೇಸಿಗೆ ಅಂಗಡಿ ಮುಂದೆ ಅರವಟಿಗೆ ಇಡುತ್ತಿದ್ದರು. ಹಮಾಲರು, ಬಸ್ಸು ತಪ್ಪಿದವರು, ಶಾಲೆ ಮಕ್ಕಳು, ಎಲ್ಲರೂ ಕುಡಿಯೋರು. ಯಾರ ಜಾತಿಯನ್ನೂ ಕೇಳಿದವರಲ್ಲ.

ಸತ್ಯವೇದ ಮುಚ್ಚಿಡಬೇಡ. ಆದಿಕಾಂಡ 18ರಲ್ಲಿ ಅಬ್ರಹಾಮ, ಇಷ್ಟು ಜನ ನೀತಿವಂತರಿದ್ದರೆ ಸೊದೋಮ್ ಪಟ್ಟಣವನ್ನು ನಾಶಮಾಡಬೇಡ ಅಂತ 50 ಜನರಿಂದ ಶುರು ಮಾಡಿ 10ರವರೆಗೆ ದೇವರ ಹತ್ತಿರವೇ ಚೌಕಾಸಿ ಮಾಡಿದ. ಲೋಕಕ್ಕೆಲ್ಲ ನ್ಯಾಯ ತೀರಿಸುವವನು ನ್ಯಾಯ ಮಾಡಬೇಡವೇ ಅಂತ ಮುಖಕ್ಕೇ ಕೇಳಿದ. ದೇವರು ಸಿಟ್ಟಾಗಲಿಲ್ಲ. ನೀನು ಕೇಳಿದ್ದೂ ಅದನ್ನೇ, ನನಗೆ ಹೆಮ್ಮೆಯಿದೆ. ಆದರೂ ಹಿರಿಯರ ಮುಂದೆ ಅಷ್ಟು ದನಿ ಏರಿಸಬಾರದಿತ್ತು. ಸಿಟ್ಟಲ್ಲಿ ರಾತ್ರಿ ಬಸ್ಸು ಹತ್ತಿ ಹೋಗೋದು ಸರಿಯಲ್ಲ. ಒಬ್ಬರ ಮಾತಿಗೆ ಚರ್ಚು ಬಿಡಬಾರದು, ಊಟ ಬಿಡಬಾರದು. ಭಾನುವಾರ ಹೋಗದಿದ್ದರೂ ಪರವಾಗಿಲ್ಲ, ಮಲಗುವ ಮುಂಚೆ ಒಂದು ಕೀರ್ತನೆ ಓದು. ಬೈತಿದ್ದೀನಿ ಅನ್ಕೋಬೇಡ, ಹೆದರಿಕೆ ನನಗೆ.

ಬಿಸಿಲು ಜಾಸ್ತಿಯಾಗಿದೆ. ಅಜ್ಜನ ಗಡಿಗೆ ಸೀಳು ಬಿಟ್ಟಿತ್ತು, ಹೊಸದು ತಂದಿದ್ದೇನೆ. ಮಣ್ಣಿನ ವಾಸನೆ ಹೋಗಲಿ ಅಂತ ಮೂರು ದಿನದಿಂದ ನೀರು ತುಂಬಿ ಚೆಲ್ಲುತ್ತಿದ್ದೇನೆ. ಸೋಮವಾರ ಅಂಗಡಿ ಮುಂದೆ ಇಡುತ್ತೇನೆ. ರಜೆ ಸಿಕ್ಕರೆ ಬಾ.

ನಿನ್ನ ಅಮ್ಮ